ಬಾಣ ಎಲ್ಲಿಂದ ಹೊರಡಬೇಕು

ನಮ್ಮಪ್ಪನ ಕ್ಲಾಸಿನಲ್ಲಿ ಭೇಷ್, ಶಹಬ್ಬಾಸ್ ಇಂಥವು ಯಾವುವೂ ಇರಲಿಲ್ಲ. ಉತ್ತರ ಸರಿಯಿದ್ದರೆ ‘ಕೂತ್ಕೋ’ ಅನ್ನುತ್ತಿದ್ದರು, ತಪ್ಪಿದ್ದರೆ ‘ನಿಂತ್ಕೋ’. ಅಷ್ಟೇ. ತುಮಕೂರಿನ ಎಷ್ಟೋ ಡಾಕ್ಟರುಗಳು, ಎಂಜಿನಿಯರುಗಳು ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕರೆ, “ಸಾರ್ ನನಗೆ ಎರಡು ಸಲ ಕೂತ್ಕೋ ಅಂದಿದಾರೆ ಮೇಡಂ” ಎಂದು ಪದಕ ತೋರಿಸುವವರ ಹಾಗೆ ಹೇಳಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ನನಗೆ ಅವರು ಒಂದು ಸಲವೂ ಹಾಗೆ ಅಂದಿರಲಿಲ್ಲ.

ಅಪ್ಪನ ಹೆಸರು ಏಕಾಂತಯ್ಯ. ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದರು. ಅದರಲ್ಲೂ ಆರ್ಗ್ಯಾನಿಕ್ ಅಂದರೆ ಏಕಾಂತಯ್ಯ, ಏಕಾಂತಯ್ಯ ಅಂದರೆ ಆರ್ಗ್ಯಾನಿಕ್. ನಾನು ಅವರ ಒಬ್ಬಳೇ ಮಗಳು, ರೂಪಶ್ರೀ. ಅದೇ ಕಾಲೇಜಿನಲ್ಲಿ ಅವರದೇ ಕ್ಲಾಸಿನಲ್ಲಿ ಕೂರುವ ಗ್ರಹಚಾರ ನನಗೆ ಬಂತು. ಮನೆಯಲ್ಲಿ ಅಪ್ಪಾಜಿ, ಕ್ಲಾಸಿನಲ್ಲಿ ಸಾರ್. ಕಾರಿಡಾರಿನಲ್ಲಿ ಎದುರು ಬಂದರೆ ಏನೆಂದು ಕರೆಯಬೇಕೋ ತಿಳಿಯದೆ ಕಂಬದ ಹಿಂದೆ ಸರಿದುಬಿಡುತ್ತಿದ್ದೆ.

ಆರ್ಗ್ಯಾನಿಕ್ ರಿಯಾಕ್ಷನ್ನು ಬರೆಯುವಾಗ ಬಾಗಿದ ಬಾಣಗಳನ್ನು ಹಾಕುತ್ತಾರೆ. ಎಲೆಕ್ಟ್ರಾನುಗಳು ಎಲ್ಲಿಂದ ಎಲ್ಲಿಗೆ ಹೋದವು ಎಂದು ತೋರಿಸುವುದಕ್ಕೆ. ಎಲೆಕ್ಟ್ರಾನ್ ಧಾರಾಳವಾಗಿರುವ ಕಡೆ ಬಾಣದ ಬುಡ, ಅದಕ್ಕೆ ಕೊರತೆ ಇರುವ ಕಡೆ ಬಾಣದ ತುದಿ. ಇಷ್ಟೇ ನಿಯಮ. ಈಗ ಹೇಳುವುದು ಸುಲಭ. ಅವತ್ತು ಅಪ್ಪ ಬೋರ್ಡಿನ ಮೇಲೆ ಪ್ರೊಪೀನ್ ಬರೆದು, ಪಕ್ಕದಲ್ಲಿ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ಅಂದರೆ ಎಚ್ ಪ್ಲಸ್ ಬರೆದು, ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಬಾಣ ಹಾಕು ಅಂದರು. ನಾನು ಎಚ್ ಪ್ಲಸ್‌ನಿಂದ ಬಾಣ ಹೊರಡಿಸಿ ಪ್ರೊಪೀನಿನಲ್ಲಿ ಎಲೆಕ್ಟ್ರಾನ್ ತುಂಬಿರುವ ಡಬಲ್ ಬಾಂಡಿಗೆ ತಂದು ಚುಚ್ಚಿದೆ.

“ಯಾಕಮ್ಮ ಹಾಗೆ?”

“ಎಚ್ ಪ್ಲಸ್ಸಿಗೆ ಎಲೆಕ್ಟ್ರಾನ್ ಇಲ್ಲ ಸಾರ್. ಹಸಿದೋನು ತಾನೇ ಅನ್ನ ಇರೋ ಕಡೆ ಹೋಗೋದು?”

ಇಡೀ ಕ್ಲಾಸು ಘೊಳ್ಳೆಂದು ನಕ್ಕಿತು. ನನ್ನ ಉತ್ತರ ತಪ್ಪಿರಬಹುದು, ಆದರೆ ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ ಎಂದೇ ನನ್ನ ವಾದ. ನಾನು ಕಂಡ ಊರಿನಲ್ಲೆಲ್ಲ ಹಸಿದವರೇ ನಡೆದು ಹೋಗುತ್ತಿದ್ದರು. ಅನ್ನಕ್ಕೆ ಕಾಲು ಬಂದು ಅದು ಯಾರ ಮನೆಗಾದರೂ ನಡೆದದ್ದುಂಟೆ?

ಅಪ್ಪ ಮಾತ್ರ ನಗಲಿಲ್ಲ. “ನಾನು ಮಠದ ಹಾಸ್ಟೆಲಲ್ಲಿ ಬೆಳೆದೋನು. ಪಂಕ್ತಿಲಿ ಕೂತ ಹುಡುಗರು ಎಷ್ಟೇ ಹಸಿದಿದ್ರೂ ಒಬ್ರೂ ಎದ್ದು ಹೋಗ್ತಿರ್ಲಿಲ್ಲ. ಬಡಿಸೋನೇ ಬಕೆಟ್ ಹಿಡ್ಕೊಂಡು ಬರ್ತಿದ್ದ. ಕೂತಿರೋನ ತಟ್ಟೆಗೆ ಅನ್ನ ಬಂದು ಬೀಳೋದು. ಬಾಣ ಬಡಿಸೋನಿಂದ ಹೊರಡ್ಬೇಕು, ತಟ್ಟೆಯಿಂದಲ್ಲ. ನಿಂತ್ಕೋ” ಅಂದರು.

ಈ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಒಂದು ಪದ ಮಾತ್ರ. ಬೆಲ್ಲು ಹೊಡೆಯುವ ತನಕ ನಿಂತಿದ್ದೆ. ಆ ವರ್ಷ ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದೆ. ಮತ್ತೆ ಪರೀಕ್ಷೆ ಕಟ್ಟುವುದಿಲ್ಲ ಎಂದು ಹಟ ಹಿಡಿದು, ಹೊಸದಾಗಿ ಆರ್ಟ್ಸ್ ಸೇರಿ, ಬಿಎ, ಬಿಎಡ್ ಮಾಡಿ, ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆದೆ. ಅಪ್ಪ ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. “ಅವ್ರು ಮನ್ಸಲ್ಲಿ ಇಟ್ಕೊಂಡಿಲ್ಲ ಬುಡೇ” ಎಂದು ಅಮ್ಮ ಹೇಳುತ್ತಿದ್ದಳು. ಮನಸ್ಸಿನಲ್ಲಿ ಇಟ್ಟುಕೊಂಡವಳು ನಾನು. ಮದುವೆಯಾಗದೆ ಅದೇ ಮನೆಯಲ್ಲಿ ಉಳಿದೆ, ಆ ಕಥೆ ಇಲ್ಲಿ ಬೇಡ. ಅಮ್ಮ ತೀರಿಕೊಂಡ ಮೇಲೆ ಸದಾಶಿವನಗರದ ಮನೆಯಲ್ಲಿ ನಾವಿಬ್ಬರೇ. ನಾವು ಆಡುತ್ತಿದ್ದ ಮಾತೂ ಎರಡೇ: ‘ಊಟ ಆಯ್ತಾ’ ಮತ್ತು ‘ಬಾಗಿಲು ಹಾಕ್ಕೋ’.

ಆಮೇಲೆ ಅಪ್ಪನಿಗೆ ಮರೆವು ಶುರುವಾಯಿತು. ಮೊದಲು ಅಂಗಡಿಯ ದಾರಿ ಮರೆತರು. ಅಮ್ಮ ತೀರಿಹೋದದ್ದನ್ನು ಮರೆತು, ಎಲ್ಲಿಗೆ ಹೋದ್ಲು ಇವ್ಳು ಎಂದು ಕೇಳತೊಡಗಿದರು. ಒಂದು ದಿನ ನಾನು ಗುಬ್ಬಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅಪ್ಪ ಕುರ್ಚಿಯಿಂದ ಕತ್ತೆತ್ತಿ, “ಯಾವ ಸೆಕ್ಷನ್ನಮ್ಮ ನೀನು? ಇಷ್ಟು ಲೇಟಾಗಾ ಬರೋದು?” ಅಂದರು.

ಹಗಲು ಹೊತ್ತು ಅವರನ್ನು ನೋಡಿಕೊಳ್ಳಲು ಉಪ್ಪಾರಹಳ್ಳಿಯಿಂದ ಮಂಜುಳಮ್ಮ ಬರುತ್ತಾಳೆ. ಅವಳು ಗಾಬರಿಯಾಗಿ, “ಅಯ್ಯೋ ಮೇಷ್ಟ್ರೇ, ನಿಮ್ ಮಗ್ಳು ರೂಪಕ್ಕ ಕಣ್ರೀ!” ಅಂದಳು.

“ನನ್ ಮಗಳು ಆರ್ಟ್ಸು” ಅಂದರು ಅಪ್ಪ.

ಮಂಜುಳಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನನಗೂ ನಗು ಬಂತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವತ್ತಿನಿಂದ ನಾನು ಸೈನ್ಸ್ ಸೆಕ್ಷನ್ನಿನ ಯಾವಳೋ ಹುಡುಗಿಯಾದೆ. ತಲೆ ನರೆತ ಹುಡುಗಿ. ಅಪ್ಪ ಹಿಂದೆ ಟ್ಯೂಷನ್ ಹೇಳುತ್ತಿದ್ದ ಕಪ್ಪು ಹಲಗೆ ಹಾಲಿನ ಗೋಡೆಯಲ್ಲೇ ಇತ್ತು. ಊಟಕ್ಕೆ ತಟ್ಟೆ ಇಟ್ಟರೆ ಸಾಕು, ಹಲಗೆಯ ಹತ್ತಿರ ಎದ್ದು ಹೋಗಿ ಪ್ರೊಪೀನ್ ಬರೆದು, “ಇದಕ್ಕೆ ಎಚ್‌ಬಿಆರ್ ಹಾಕಿದ್ರೆ ಏನ್ ಬರುತ್ತೆ?” ಎಂದು ಕೇಳುವರು. ನಾನು ಸುಮ್ಮನಿದ್ದರೆ, “ಪಾಠ ಮುಗೀದೆ ಊಟ ಇಲ್ಲ” ಎಂದು ತಟ್ಟೆ ತಳ್ಳುವರು. ಹೀಗೇ ದಿನದಿನಕ್ಕೆ ಇಳಿದುಹೋದರು.

“ಅವರಿಗೆ ಏನು ನೆನಪಿದೆಯೋ ಅದರಲ್ಲೇ ಮಾತಾಡಿಸಿ ಮೇಡಂ. ಸದ್ಯಕ್ಕೆ ಅದೊಂದು ಬಾಗಿಲು ತೆಗೆದಿದೆ” ಅಂದರು ಡಾಕ್ಟರು.

“ಎಷ್ಟು ದಿನ ತೆಗೆದಿರುತ್ತೆ?”

“ಅದು ಹೇಳಕ್ಕಾಗಲ್ಲ.”

ನನಗೆ ಸಿಟ್ಟು ಬಂತು. ಸಂಗೀತದ ಮೇಷ್ಟರ ಮಗಳಾಗಿದ್ದರೆ ಒಂದು ಹಾಡು ಕಲಿತರೆ ಸಾಕಿತ್ತು. ನನಗೆ ಉಳಿದಿದ್ದ ಒಂದೇ ಬಾಗಿಲು ಕೆಮಿಸ್ಟ್ರಿಯದು, ಅದೂ ಆರ್ಗ್ಯಾನಿಕ್. ಆದರೂ ಸಿಟ್ಟಿನ ಅಡಿಯಲ್ಲಿ ಒಂದು ಆಸೆ ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬಾಗಿಲು ಮುಚ್ಚುವ ಮೊದಲು ಅವರ ಬಾಯಲ್ಲಿ ಒಂದೇ ಒಂದು ಸಲ ‘ಕೂತ್ಕೋ’ ಅನ್ನಿಸಿಕೊಳ್ಳಬೇಕು. ಮಗಳು ಅಂತ ಗುರುತು ಸಿಗದಿದ್ದರೆ ಬೇಡ.

ಪಿಯು ಪುಸ್ತಕ ತರಿಸಿದೆ. ಗುಬ್ಬಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಓದಿದೆ. ನನಗೆ ಗೊತ್ತಿದ್ದ ಓದು ಒಂದೇ, ಹಳಗನ್ನಡದ ಪದ್ಯಗಳನ್ನು ಬಾಯಿಪಾಠ ಮಾಡುವ ಓದು. ಆಲ್ಕೀನು, ಆಲ್ಕೋಹಾಲು, ಆಲ್ಡಿಹೈಡು ಎಲ್ಲವನ್ನೂ ಹಾಗೇ ರಾಗವಾಗಿ ನುಂಗಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ನಮ್ಮ ಶಾಲೆಯ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ನಕ್ಕರೆ ನಗಲಿ ಅಂದುಕೊಂಡೆ. ಪದ್ಯವಾದರೆ ಅರ್ಥವಾಗದಿದ್ದರೂ ಲಯ ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ. ಇವುಗಳಿಗೆ ಆ ಕರುಣೆಯೂ ಇಲ್ಲ, ಒಂದು ಮರೆತರೆ ಇನ್ನೊಂದೂ ಮರೆತುಹೋಗುತ್ತದೆ.

ಒಂದು ಭಾನುವಾರ ಅಪ್ಪ ಅದೇ ಪ್ರಶ್ನೆ ಕೇಳಿದರು. ನಾನು ಒಂದೇ ಉಸಿರಿಗೆ, “ಟೂ ಬ್ರೋಮೋಪ್ರೊಪೇನ್ ಸಾರ್. ಮಾರ್ಕೋವ್ನಿಕಾಫ್ ರೂಲು. ಹೈಡ್ರೋಜನ್ ಜಾಸ್ತಿ ಇರೋ ಕಾರ್ಬನ್ನಿಗೇ ಹೈಡ್ರೋಜನ್ ಹೋಗುತ್ತೆ” ಅಂದೆ.

ಅಪ್ಪನ ಕಣ್ಣು ಅರಳಿತು. ನಾನು ಆಗಲೇ ಕೂರಲು ಮಂಡಿ ಬಗ್ಗಿಸಿದ್ದೆ.

“ಯಾಕೆ ಅಲ್ಲಿಗೇ ಹೋಗುತ್ತೆ?”

“ಅದು... ರೂಲು ಸಾರ್.”

“ರೂಲು ಅನ್ನೋದು ಉತ್ತರ ಅಲ್ಲ ಕಣಮ್ಮ. ನಿನಗೆ ಗೊತ್ತಿಲ್ಲದೇ ಇರೋದಕ್ಕೆ ಇಟ್ಕೊಂಡಿರೋ ಹೆಸರು ಅದು. ನಿಂತ್ಕೋ.”

ಎಂಥ ಮಾತು! ಹೆಂಡತಿ ಸತ್ತದ್ದು ನೆನಪಿಲ್ಲದ ಮನುಷ್ಯ ಆಡಿದ ಮಾತು ಇದು. ನಿಂತುಕೊಂಡೇ ನನಗೆ ಸಂತೋಷವಾಯಿತು. ನಮ್ಮಪ್ಪ ಇನ್ನೂ ಎಲ್ಲೂ ಹೋಗಿಲ್ಲ, ಒಳಗೇ ಇದ್ದಾರೆ, ಹಳೆಯ ಹಾಗೆಯೇ ನಿಷ್ಠುರವಾಗಿ ಇದ್ದಾರೆ. ಮುಖ್ಯವಾದ ವಿಷಯವೆಂದರೆ ಒಳಗೆ ಹೋಗಬೇಕಾದರೆ ‘ಯಾಕೆ’ ಅನ್ನುವುದು ಗೊತ್ತಿರಬೇಕು. ಅದು ನನಗೆ ಪುಸ್ತಕದಿಂದ ಸಿಗಲಿಲ್ಲ.

ಕೊನೆಗೆ ಜಯಪ್ರಕಾಶನಿಗೆ ಫೋನ್ ಮಾಡಿದೆ. ನಮ್ಮ ಬ್ಯಾಚಿನಲ್ಲಿ ಅತಿ ಹೆಚ್ಚು ‘ಕೂತ್ಕೋ’ ಗಳಿಸಿದ ಮಹಾನುಭಾವ ಅವನು. ಈಗ ಕುಣಿಗಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಅವನ ಮುಂದೆ ಹೋಗಿ ಕೂರುವುದಕ್ಕಿಂತ ದೊಡ್ಡ ಅವಮಾನ ನನಗೆ ಬೇರೆ ಇರಲಿಲ್ಲ. ಹೋದೆ. ಭಾನುವಾರಗಳಲ್ಲಿ ಮಂಜುಳಮ್ಮನನ್ನು ಅಪ್ಪನ ಹತ್ತಿರ ಬಿಟ್ಟು, ಹೆಬ್ಬೂರಿನ ಮೇಲೆ ಹೋಗುವ ಕುಣಿಗಲ್ ಬಸ್ಸು ಹತ್ತಿದೆ.

“ಏನ್ ರೂಪ, ಈ ವಯಸ್ಸಲ್ಲಿ ನೀಟ್ ಬರೀತೀಯಾ?” ಎಂದು ಜಯಪ್ರಕಾಶ ನಕ್ಕ. ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿದ. “ನಾನೂ ಈಗ ಯಾಕೆ ಅಂತ ಹೇಳ್ಕೊಡಲ್ಲ ಕಣಮ್ಮ. ಹುಡುಗರಿಗೆ ಎ, ಬಿ, ಸಿ, ಡಿಲಿ ಯಾವುದು ಅಂತ ಗೊತ್ತಾದ್ರೆ ಸಾಕು. ಸಾರ್ ಹೇಳ್ಕೊಟ್ಟಿದ್ದು ಇನ್ನೂ ತಲೇಲಿದೆಯಾ ನೋಡೋಣ ತಾಳು” ಎಂದು ಒಂದು ಹಾಳೆ ಎಳೆದುಕೊಂಡ.

“ಎಚ್ ಪ್ಲಸ್ ಬಂದು ಒಂದು ಕಾರ್ಬನ್ನಿಗೆ ಸೇರ್ಕೊಳ್ತು ಅಂತಿಟ್ಕೋ. ಆಗ ಪಕ್ಕದ ಕಾರ್ಬನ್ನು ಎಲೆಕ್ಟ್ರಾನ್ ಕಳ್ಕೊಂಡು ಪ್ಲಸ್ ಆಗುತ್ತೆ. ಪಾಪದ್ದು, ಜಾಸ್ತಿ ಹೊತ್ತು ಹಾಗಿರಕ್ಕಾಗಲ್ಲ. ತುದೀಲಿರೋ ಕಾರ್ಬನ್ನಿಗೆ ಈ ಕಷ್ಟ ಬಂದ್ರೆ ಅದಕ್ಕೆ ಆಸರೆ ಒಂದೇ ಕಡೆ. ನಡುವಿನದಕ್ಕೆ ಬಂದ್ರೆ ಎರಡೂ ಕಡೆ ಆಸರೆ. ಅಕ್ಕಪಕ್ಕದೋರು ಎಲೆಕ್ಟ್ರಾನ್ ಚೂರು ಈ ಕಡೆ ತಳ್ತಾರೆ. ಅದಕ್ಕೆ ನಡುವಿನದು ಎಚ್‌ಬಿಆರಲ್ಲಿ ಉಳಿದ ಬ್ರೋಮೈಡ್ ಬರೋ ತನಕ ತಡ್ಕೊಳ್ಳುತ್ತೆ. ರಿಯಾಕ್ಷನ್ನು ಆ ದಾರೀಲೇ ಹೋಗುತ್ತೆ. ಇಷ್ಟೇ ಯಾಕೆ ಅನ್ನೋದು.”

ಇದನ್ನೇ ನೀನು ಬರೆದು ತೋರಿಸು ಎಂದು ಹಾಳೆ ನನ್ನ ಕಡೆ ತಳ್ಳಿದ. ಬರೆದೆ. ಕೈ ಹಳೆಯ ಅಭ್ಯಾಸದಂತೆ ಎಚ್ ಪ್ಲಸ್‌ನಿಂದಲೇ ಬಾಣ ಎಳೆಯಿತು.

“ಇನ್ನೂ ಹಸಿದೋನ್ನೇ ನಡೆಸ್ತಾ ಇದೀಯಲ್ಲಮ್ಮ!” ಅಂದ ಜಯಪ್ರಕಾಶ. ಅವತ್ತು ನಕ್ಕವರಲ್ಲಿ ಅವನೂ ಒಬ್ಬ, ಎಲ್ಲವೂ ಅವನಿಗೆ ನೆನಪಿತ್ತು. “ಸಾರ್ ಪಂಕ್ತಿ ವಿಷಯ ಹೇಳಿದ್ರಲ್ಲ, ಅದನ್ನ ನೀನು ಕೇಳಿಸ್ಕೊಳ್ಲೇ ಇಲ್ವಾ? ಯಾರು ನಡೆದ್ರು ಅಂತ ಬಾಣ ಹೇಳಲ್ಲ ರೂಪ. ಯಾರು ಕೊಟ್ರು ಅಂತ ಹೇಳುತ್ತೆ.”

ಆ ಸಂಜೆ ವಾಪಸು ಬರುವ ಬಸ್ಸಿನಲ್ಲಿ ಪುಸ್ತಕ ತೆಗೆದೆ. ಹೆಬ್ಬೂರಿನಲ್ಲಿ ಜನ ಇಳಿದು ಹತ್ತುವಷ್ಟರಲ್ಲಿ ಪುಟಗಳು ತಾವಾಗಿಯೇ ಬಿಡಿಸಿಕೊಳ್ಳತೊಡಗಿದವು. ನುಂಗಿ ನುಂಗಿ ಹೊಟ್ಟೆ ಕೆಡಿಸಿಕೊಂಡಿದ್ದ ರಿಯಾಕ್ಷನ್ನುಗಳೆಲ್ಲ ಬೇರೆಬೇರೆ ಅಲ್ಲ, ಒಂದೇ ಮಾತನ್ನು ಆಡುತ್ತಿವೆ: ಇಲ್ಲಿ ಯಾರ ಹತ್ತಿರ ಇದೆ, ಯಾರ ಹತ್ತಿರ ಇಲ್ಲ, ಯಾರು ಯಾರಿಗೆ ಬಡಿಸಿದರು. ಒಂದು ಪುಟವನ್ನು ಕೈಯಿಂದ ಮುಚ್ಚಿಟ್ಟು ನಾನೇ ಬಾಣ ಹಾಕಿ, ಕೈ ತೆಗೆದು ನೋಡಿದೆ. ಸರಿಯಿತ್ತು. ಇನ್ನೊಂದು ಹಾಕಿದೆ. ಅದೂ ಸರಿಯಿತ್ತು. ಇಷ್ಟು ಚೆಂದದ್ದನ್ನು ಅಪ್ಪ ಜೀವಮಾನವೆಲ್ಲ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದಾರೆ. ಅವರ ಎದುರಿಗೇ ಕೂತು ದಿನಾ ಉಂಡಿದ್ದೇನೆ. ಒಂದು ದಿನವಾದರೂ ಮುದ್ದೆ ಮುರಿಯುತ್ತ, ಬಾ ರೂಪ, ಇದನ್ನು ಇನ್ನೊಂದು ಸಲ ಹೇಳ್ತೀನಿ ಅನ್ನಬಾರದಿತ್ತೇ ಈ ಮನುಷ್ಯ? ಬಸ್ಸಿನ ತುಂಬ ಜನ. ಇಲ್ಲದಿದ್ದರೆ ಜೋರಾಗಿಯೇ ಬೈದುಬಿಡುತ್ತಿದ್ದೆ.

ಮನೆಗೆ ಬಂದರೆ ಮಂಜುಳಮ್ಮ ಗೇಟಿನಲ್ಲೇ ನಿಂತಿದ್ದಳು. ಅಪ್ಪನಿಗೆ ಚಳಿಜ್ವರ, ಮೈ ಕೆಂಡ. ಆಸ್ಪತ್ರೆಗೆ ಸೇರಿಸಿದೆವು. ಸೋಂಕು ಇಳಿಯುವುದಕ್ಕೆ ವಾರದ ಮೇಲಾಯಿತು. ಮನೆಗೆ ಕರೆತಂದ ಮೇಲೆ ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಹಲಗೆಯನ್ನು ತೋರಿಸಿದರೆ ಗೋಡೆ ನೋಡಿದ ಹಾಗೆ ನೋಡುತ್ತಿದ್ದರು. ಹೀಗೆ ಮೈಗೆ ಪೆಟ್ಟು ಬಿದ್ದಾಗ ಮರೆವು ಒಂದು ಮೆಟ್ಟಿಲು ಕೆಳಗಿಳಿಯುತ್ತೆ, ಇಳಿದದ್ದು ಮತ್ತೆ ಹತ್ತುವುದು ಕಮ್ಮಿ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಉತ್ತರ ನನ್ನ ಹತ್ತಿರ ಸಿದ್ಧವಾಗಿತ್ತು, ಯಾಕೆ ಅನ್ನುವುದೂ ಸೇರಿ. ಕೇಳುವವರು ಕೇಳುತ್ತಿರಲಿಲ್ಲ. ನಾನೇ ಹಲಗೆಯ ಮೇಲೆ ಪ್ರೊಪೀನ್ ಬರೆದಿಟ್ಟು ಶಾಲೆಗೆ ಹೋಗುತ್ತಿದ್ದೆ, ಸಂಜೆ ಬಂದು ಒರೆಸುತ್ತಿದ್ದೆ.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ಅವರೆಕಾಳಿನ ಸಾರು ಮಾಡಿ, ಮುದ್ದೆ ಕಟ್ಟಿ, ಅಪ್ಪನ ಮುಂದೆ ತಟ್ಟೆ ಇಟ್ಟೆ. ಸಾರಿನ ಘಮವೋ ಏನೋ, ಅಪ್ಪ ತಲೆಯೆತ್ತಿದರು. ಎದ್ದರು. ಗೋಡೆ ಹಿಡಿದುಕೊಂಡು ಹಲಗೆಯ ತನಕ ಹೋಗಿ ಸೀಮೆಸುಣ್ಣ ತೆಗೆದುಕೊಂಡರು. ಪ್ರೊಪೀನ್ ಬರೆದರು, ಡಬಲ್ ಬಾಂಡಿನ ಎರಡು ಗೆರೆ ಸಮೇತ. ಪಕ್ಕದಲ್ಲಿ ಎಚ್ ಪ್ಲಸ್.

“ಬಾಮ್ಮ ಇಲ್ಲಿ. ಹೇಳು” ಅಂದರು.

ಎಲ್ಲವನ್ನೂ ಹೇಳಿದೆ. ಡಬಲ್ ಬಾಂಡ್ ಎಲೆಕ್ಟ್ರಾನ್ ಕೊಡುತ್ತದೆ, ತುದಿಯ ಕಾರ್ಬನ್ನಿಗೆ ಹೈಡ್ರೋಜನ್ ಸೇರುತ್ತದೆ, ನಡುವಿನ ಕಾರ್ಬನ್ನು ಪ್ಲಸ್ ಆಗುತ್ತದೆ, ಎರಡು ಕಡೆಯ ಆಸರೆಯಿಂದ ತಡೆದುಕೊಳ್ಳುತ್ತದೆ, ಬ್ರೋಮೈಡ್ ಅಲ್ಲಿಗೆ ಬರುತ್ತದೆ. ಒಂದೂ ಬಾಯಿಪಾಠವಲ್ಲ. ನನ್ನ ಮಾತಿನಲ್ಲಿ, ನನಗೆ ತಿಳಿದ ಹಾಗೆ ಹೇಳಿದೆ. ಅಪ್ಪ ಪರವೂರಿನ ಭಾಷೆ ಕೇಳುವವರ ಹಾಗೆ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮುಗಿಸಿದ ಮೇಲೆ ಹಲಗೆಯ ಕಡೆ ತಿರುಗಿ ತಾವೇ ಬಾಣ ಎಳೆದರು. ಎಚ್ ಪ್ಲಸ್‌ನಿಂದ ಹೊರಡಿಸಿ ಡಬಲ್ ಬಾಂಡಿಗೆ ತಂದು ನಿಲ್ಲಿಸಿದರು.

ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಹಿಂದೆ ಹಾಗೆ ಮಾಡುತ್ತಿದ್ದರು. ಬೇಕೆಂದೇ ಬೋರ್ಡಿನ ಮೇಲೆ ತಪ್ಪು ಬರೆದು, ಯಾರು ಹಿಡಿಯುತ್ತಾರೆ ಎಂದು ಕಾಯುತ್ತಿದ್ದರು. ಹಿಡಿದೆ.

“ಸಾರ್, ಬಾಣ ತಿರುಗಿದೆ. ಬಡಿಸೋನಿಂದ ಹೊರಡ್ಬೇಕು. ಪಂಕ್ತಿಲಿ ಕೂತೋನು ಎದ್ದು ಹೋಗಲ್ವಲ್ಲ?”

“ಯಾವ ಪಂಕ್ತಿ?” ಅಂದರು ಅಪ್ಪ.

“ಮಠದಲ್ಲಿ ಸಾರ್. ಹಾಸ್ಟೆಲಲ್ಲಿ. ನೀವು ಚಿಕ್ಕೋರಿದ್ದಾಗ ಬಕೆಟ್ ಹಿಡ್ಕೊಂಡು ಬಂದು ಬಡಿಸ್ತಿದ್ರು.”

ಅಪ್ಪ ಪ್ರಾಮಾಣಿಕವಾಗಿಯೇ ಹುಡುಕಿದರು, ಅದು ನನಗೆ ಮುಖದಲ್ಲಿ ಕಾಣುತ್ತಿತ್ತು. ಏನೂ ಸಿಗಲಿಲ್ಲ. ಆಮೇಲೆ ದಡ್ಡ ಹುಡುಗಿಗೆ ತಿಳಿಸಿ ಹೇಳುವ ದನಿಯಲ್ಲಿ, ಎಚ್ ಪ್ಲಸ್ಸಿನ ಮೇಲೆ ಸೀಮೆಸುಣ್ಣ ಕುಟ್ಟುತ್ತ ಅಂದರು:

“ಇದಕ್ಕೆ ಎಲೆಕ್ಟ್ರಾನ್ ಇಲ್ಲ ಕಣಮ್ಮ. ಹಸಿದೋನು ತಾನೇ ಅನ್ನ ಇರೋ ಕಡೆ ಹೋಗೋದು? ನಿಂತ್ಕೋ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಜುಳಮ್ಮ, “ಎಷ್ಟ್ ದಿನ ಆದ್ಮೇಲೆ ಎಷ್ಟ್ ಚೆನ್ನಾಗ್ ಪಾಠ ಮಾಡ್ತಾವ್ರೆ ನೋಡಕ್ಕ ಮೇಷ್ಟ್ರು!” ಎಂದು ಸಂತೋಷಪಟ್ಟಳು. ಅವಳಿಗೆ ಕಂಡದ್ದು ಅಷ್ಟು. ಹಿಂದಿನ ವರ್ಷವಾಗಿದ್ದರೆ ನನಗೂ ಅಷ್ಟೇ ಕಾಣುತ್ತಿತ್ತು, ನಾನೂ ಅವಳ ಜೊತೆ ಸಂತೋಷಪಡುತ್ತಿದ್ದೆ. ಬಸ್ಸುಬಸ್ಸು ತಿರುಗಿ, ಆ ಜಯಪ್ರಕಾಶನ ಮುಂದೆ ಕೂತು, ಇಷ್ಟೆಲ್ಲ ಕಲಿತದ್ದು ಅಪ್ಪನನ್ನು ಸೇರುವುದಕ್ಕೆ ಎಂದು ತಿಳಿದಿದ್ದೆ. ನಮ್ಮಪ್ಪ ಇನ್ನಿಲ್ಲ ಅನ್ನುವುದನ್ನು ಆ ಒಂದು ಬಾಣದಿಂದ ತಿಳಿದುಕೊಳ್ಳುವಷ್ಟು ಕೆಮಿಸ್ಟ್ರಿ ಮಾತ್ರ ನನಗೆ ಬಂದಿತ್ತು. ಕಲಿಯಲೇಬಾರದಿತ್ತು.

ಅಪ್ಪ ಬಂದು ಕುರ್ಚಿಯಲ್ಲಿ ಕೂತರು. ನಾನು ಹಲಗೆಯ ಹತ್ತಿರವೇ ನಿಂತಿದ್ದೆ. ತಿನ್ನಿ ಸಾರ್ ಅಂದೆ.

“ಪಾಠ ಮುಗಿದಿಲ್ಲ” ಎಂದು ತಟ್ಟೆಯನ್ನು ದೂರ ತಳ್ಳಿದರು. ಅಂಗಿಯ ಕೊರಳಲ್ಲಿ ಅವರ ಎಲುಬು ಎದ್ದು ಕಾಣುತ್ತಿತ್ತು. “ಹೇಳು. ಬಾಣ ಎಲ್ಲಿಂದ ಹೊರಡ್ಬೇಕು?”

ಸರಿಯಾದ ಉತ್ತರ ನನಗೆ ಗೊತ್ತಿತ್ತು. ಆ ಮನೆಯಲ್ಲಿ ಅದು ಗೊತ್ತಿದ್ದವಳು ಈಗ ನಾನೊಬ್ಬಳೇ.

“ಎಚ್ ಪ್ಲಸ್‌ನಿಂದ ಸಾರ್” ಅಂದೆ.

“ಯಾಕೆ?”

“ಹಸಿದೋನೇ ಸಾರ್ ಹೋಗೋದು. ಅನ್ನ ಇರೋ ಕಡೆ.”

ಅಪ್ಪನ ಮುಖ ತಿಳಿಯಾಯಿತು. ತಟ್ಟೆಯನ್ನು ಹತ್ತಿರ ಎಳೆದುಕೊಂಡರು. “ಸರಿಯಾಗಿದೆ. ಕೂತ್ಕೋ” ಅಂದರು.

ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಅಪ್ಪ ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದರು. ಆಮೇಲೆ ನನ್ನನ್ನು ನೋಡಿ ಬಹಳ ಮೆಚ್ಚುಗೆಯಿಂದ, “ನೀನು ಜಾಣೆ ಕಣಮ್ಮ. ನನ್ ಮಗಳಿಗೆ ಇದು ಎಷ್ಟ್ ಹೇಳಿದ್ರೂ ಅರ್ಥ ಆಗ್ಲಿಲ್ಲ” ಅಂದರು.

“ಹೌದಾ ಸಾರ್” ಅಂದೆ. ಅವರ ತಟ್ಟೆಯಲ್ಲಿ ಸಾರು ಕಮ್ಮಿಯಾಗಿತ್ತು. ಎದ್ದು ಬಡಿಸಿದೆ.